ಜೊತೆಗೆ ಬಂದವರು

ಜರ್ಮನಿಯ ಸ್ಟುಟ್‌ಗಾರ್ಟಿನ ದಕ್ಷಿಣದ ಗುಡ್ಡದ ಮೇಲೆ, ಒಂದು ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ ನಮ್ಮ ಮನೆ. ಎರಡನೇ ಮಹಡಿಯಲ್ಲಿ ಒಂದು ಅಮೆರಿಕನ್ ಜೋಡಿ ಇದೆ. ಇಬ್ಬರೂ ಐವತ್ತು ದಾಟಿದವರು. ಊರು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ. ಕೆಲಸ ಸಿಕ್ಕಿದ್ದು ಆಕೆಗೆ, ಇಲ್ಲಿನ ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ. ಆತ ಜೊತೆಗೆ ಬಂದವನು. ನಮ್ಮಲ್ಲಿ ಕೆಲಸ ಸಿಕ್ಕಿದ್ದು ನಮ್ಮ ಮನೆಯವರಿಗೆ. ಜೊತೆಗೆ ಬಂದವಳು ನಾನು.

ಪರಿಚಯ ಆಗಿದ್ದು ಒಂದು ಮಂಚದಿಂದ. ಅಮೆರಿಕದಲ್ಲಿ ನೆಲಮಹಡಿಯನ್ನೇ ಒಂದನೇ ಮಹಡಿ ಅನ್ನುತ್ತಾರೆ. ಜರ್ಮನಿಯಲ್ಲಿ ನಮ್ಮ ಕಡೆಯ ಹಾಗೇ ನೆಲಮಹಡಿ ಬಿಟ್ಟು ಎಣಿಸುತ್ತಾರೆ. ಅಂಗಡಿಯವರಿಗೆ ಆತ ಫೋನಿನಲ್ಲಿ ಮೂರನೇ ಮಹಡಿ ಅಂದಿದ್ದ. ಲಿಫ್ಟ್ ಇಲ್ಲದ ಕಟ್ಟಡ. ಇಬ್ಬರು ಹುಡುಗರು ಬೆವರು ಸುರಿಸಿಕೊಂಡು ಮಂಚ ಹೊತ್ತು ನಮ್ಮ ಬಾಗಿಲಿಗೆ ಬಂದರು. ಹಿಂದೆಯೇ ಏದುಸಿರು ಬಿಡುತ್ತಾ ಆತ ಬಂದ. ಮಂಚ ಮತ್ತೆ ಕೆಳಗಿಳಿಯುವಷ್ಟರಲ್ಲಿ ನಾನು ಕಾಫಿಗೆ ನೀರಿಟ್ಟಿದ್ದೆ.

ಕೆಳಗಿನ ಮನೆಗೆ ಅಮೆರಿಕದವರು ಬಂದಿದ್ದಾರೆ ಅಂತ ಮೈಸೂರಿನಲ್ಲಿರುವ ಅತ್ತೆಗೆ ಹೇಳಿದೆ. ‘ಅಮೆರಿಕ ಬಿಟ್ಟು ಅಲ್ಲಿಗ್ಯಾಕೆ ಬಂದರಂತೆ? ಕೆಲಸ ಹೋಯ್ತಂತಾ?’ ಅಂತ ಕೇಳಿದರು. ಅವರ ತಪ್ಪಲ್ಲ. ನಮ್ಮ ಲೆಕ್ಕದಲ್ಲಿ ಅಮೆರಿಕ ಅಂದರೆ ಕೊನೇ ಮೆಟ್ಟಿಲು. ಹತ್ತಿದವರು ಯಾರಾದರೂ ಇಳಿದು ಬರ್ತಾರಾ?

ಇಳಿದು ಬರಲು ಕಾರಣ ಕೇಳಿದರೆ ಆಕೆ ದೊಡ್ಡ ಮಾತೇನೂ ಆಡುವುದಿಲ್ಲ. ರಜೆ ಅನ್ನುತ್ತಾಳೆ. ಸಂಬಳ ಸಹಿತ ರಜೆ ಕೊಡಲೇಬೇಕು ಅನ್ನುವ ಕಾನೂನು ಅಮೆರಿಕದ ಕೇಂದ್ರ ಸರ್ಕಾರದಲ್ಲಿ ಇಲ್ಲ. ಕೊಟ್ಟರೆ ಕಂಪನಿಯ ದೊಡ್ಡತನ. ಇಲ್ಲಿ ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ಕೊಡಬೇಕು. ಎಷ್ಟೋ ಕಡೆ 30 ಸಿಗುತ್ತದೆ. ಮೊದಲ ವರ್ಷ ಆಕೆ ರಜೆ ಹಾಕಲಿಲ್ಲವಂತೆ. ಹಾಕದಿದ್ದರೆ ಒಳ್ಳೇ ಹೆಸರು ಬರುತ್ತದೆ ಅಂದುಕೊಂಡಿದ್ದಳು. ಕೊನೆಗೆ ಮೇಲಿನವರೇ ಕರೆದು, ಇಷ್ಟು ರಜೆ ಯಾಕೆ ಉಳಿಸಿಕೊಂಡಿದ್ದೀರಿ ಅಂತ ಬೈದರಂತೆ. ಜ್ವರ ಬಂದಾಗ ಇನ್ನೊಂದು ಆಶ್ಚರ್ಯ. ಡಾಕ್ಟರ ಹತ್ತಿರ ಹೋಗಿ ಇನ್ಶೂರೆನ್ಸ್ ಕಾರ್ಡ್ ಕೊಟ್ಟಳು, ಔಷಧಿ ಚೀಟಿ ತಗೊಂಡಳು. ಆಮೇಲೆ ಕೌಂಟರ್ ಮುಂದೆ ಬಿಲ್ಲಿಗೆ ಅಂತ ಕಾಯುತ್ತಾ ನಿಂತಳು. ಅಲ್ಲಿದ್ದ ಹುಡುಗಿ ಇನ್ನೇನಾದರೂ ಬೇಕಿತ್ತಾ ಅಂತ ಕೇಳಿದಳಂತೆ. ದುಡ್ಡು ಸುಮ್ನೆ ಬರುವುದಿಲ್ಲ ಅನ್ನಿ, ಪ್ರತಿ ತಿಂಗಳ ಸಂಬಳದಲ್ಲಿ ಚೆನ್ನಾಗಿಯೇ ಹಿಡಿಯುತ್ತಾರೆ. ಆದರೆ ಕಾಯಿಲೆ ಬಿದ್ದರೆ ಆರು ವಾರದವರೆಗೆ ಕಂಪನಿ ಪೂರಾ ಸಂಬಳ ಕೊಡಬೇಕು. ಇದನ್ನು ಆಕೆ ಊರಿನ ಗೆಳತಿಯರಿಗೆ ಹೇಳಿದರೆ ಅವರು ನಂಬಲಿಲ್ಲವಂತೆ.

ಅವರು ಬಂದಿದ್ದೂ ನಾವು ಬಂದಿದ್ದೂ ಒಂದೇ ಥರ ಅಲ್ಲ. ನಾವು ಬೆಂಗಳೂರಿನಲ್ಲಿ ವೀಸಾ ಅಪಾಯಿಂಟ್‌ಮೆಂಟಿಗೆ ಕಾದು, ಫೈಲು ಜೋಡಿಸಿ, ಮದುವೆ ಸರ್ಟಿಫಿಕೇಟಿಗೆ ಮುದ್ರೆ ಹಾಕಿಸಿಕೊಂಡು ಬಂದವರು. ಅಮೆರಿಕದವರು ವೀಸಾ ಇಲ್ಲದೆ ಸೀದಾ ವಿಮಾನ ಹತ್ತಬಹುದು. ಬಂದು ಇಳಿದ ಮೇಲೆ ಇಲ್ಲೇ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಜಪಾನ್, ಕೆನಡಾ, ಆಸ್ಟ್ರೇಲಿಯಾದವರಿಗೂ ಹಾಗೇ. ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಪರವಾನಗಿ ಕೊಡುವ ಕಛೇರಿಯ ಮುಂದೆ ಬೆಳಗಿನ ಚಳಿಯಲ್ಲಿ ನಿಂತಾಗ ಕ್ಯೂ ಒಂದೇ. ಅಲ್ಲಿ ಅಮೆರಿಕದ ಪಾಸ್‌ಪೋರ್ಟಿಗೆ ಬೇರೆ ಬಾಗಿಲಿಲ್ಲ.

ಇನ್ನೊಂದು ವಿಷಯದಲ್ಲಂತೂ ನಾವೇ ಮೇಲು. ಇಲ್ಲಿ ಬಾಡಿಗೆ ಮನೆ ಅಂದರೆ ಅಡುಗೆಮನೆ ಇರಲೇಬೇಕು ಅಂತಿಲ್ಲ. ಗೋಡೆಯಲ್ಲಿ ನೀರಿನ ಪೈಪು, ಒಂದು ದಪ್ಪ ವೈರು. ಸಿಂಕು, ಒಲೆ, ಕಪಾಟು, ಕೊನೆಗೆ ದೀಪಗಳನ್ನೂ ಹಿಂದೆ ಇದ್ದವರು ಬಿಚ್ಚಿಕೊಂಡು ಹೋಗಿರುತ್ತಾರೆ. ಎಲ್ಲ ಹೊಸದಾಗಿ ಹೂಡಬೇಕು. ಅವರು ಹಡಗಿನಲ್ಲಿ ತರಿಸಿದ ಮಿಕ್ಸರು, ಕಾಫಿ ಯಂತ್ರ, ಟೋಸ್ಟರ್ ಎಲ್ಲ ಅಮೆರಿಕದ 120 ವೋಲ್ಟಿನವು. ಇಲ್ಲಿ 230. ಒಂದೂ ನಡೆಯಲಿಲ್ಲ. ಬೆಂಗಳೂರಿನ ನನ್ನ ಮಿಕ್ಸಿ ಪಿನ್ನು ಬದಲಾಯಿಸಿದ್ದೇ ತಡ, ಗುರ್ ಅಂತ ತಿರುಗಿತು. ಮೊದಲ ತಿಂಗಳು ಅವರ ಟೊಮ್ಯಾಟೊ ಸೂಪಿಗೂ ಅದೇ ಮಿಕ್ಸಿ.

ಕಾರಿನ ಕಥೆ ಸ್ವಲ್ಪ ಉದ್ದ. ಜರ್ಮನಿಗೆ ಬಂದು ನೆಲೆಸಿದ ಮೇಲೆ ಹೊರಗಿನ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ. ಆಮೇಲೆ ಇಲ್ಲಿಯದೇ ಬೇಕು. ಅಮೆರಿಕದಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಹಾಗಾಗಿ ಜರ್ಮನಿಯ ನಿಯಮವೂ ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ಟೆಕ್ಸಸ್‌ನವರು ತಮ್ಮ ಕಾರ್ಡು ಕೊಟ್ಟು ಇಲ್ಲಿನ ಕಾರ್ಡು ತಗೊಳ್ಳಬಹುದು. ಫ್ಲೋರಿಡಾದವರು ಥಿಯರಿ ಪರೀಕ್ಷೆ ಬರೆಯಬೇಕು. ಕ್ಯಾಲಿಫೋರ್ನಿಯಾದವರಿಗೆ ಥಿಯರಿಯೂ ಬೇಕು, ಗಾಡಿ ಓಡಿಸಿ ತೋರಿಸುವುದೂ ಬೇಕು. ನಮ್ಮ ಕರ್ನಾಟಕದ ಲೈಸೆನ್ಸಿಗೂ ಅದೇ ಗತಿ. ಹೀಗೆ, ಮೂರು ದಶಕ ಕಾರು ಓಡಿಸಿದ ಮನುಷ್ಯ ನನ್ನ ಪಕ್ಕದಲ್ಲಿ, ಹದಿನೇಳರ ಹುಡುಗರ ಮಧ್ಯೆ, ಡ್ರೈವಿಂಗ್ ಸ್ಕೂಲಿನ ಬೆಂಚಿನ ಮೇಲೆ ಕೂತ.

ಪರೀಕ್ಷೆಯಲ್ಲಿ 30 ಪ್ರಶ್ನೆ. ತಪ್ಪಿಗೆ ಅಂಕ ಕೂಡುತ್ತಾ ಹೋಗುತ್ತದೆ, ಹತ್ತು ದಾಟಿದರೆ ನಪಾಸು. ಇಂಗ್ಲಿಷಿನಲ್ಲೇ ಬರೆಯಬಹುದು, ಆದರೆ ಅದರಿಂದ ಸುಲಭ ಏನೂ ಆಗುವುದಿಲ್ಲ. ಆತನ ತಲೆಗೆ ಹತ್ತದೇ ಇದ್ದದ್ದು ಬಲಗಡೆಯ ನಿಯಮ. ಬೋರ್ಡು, ಸಿಗ್ನಲ್ಲು ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ಗಾಡಿಗೆ ಮೊದಲ ದಾರಿ. ಅದು ಸಣ್ಣ ಓಣಿಯಿಂದ ಬಂದರೂ ಸರಿ. ಆತನ ಊರಿನ ನಾಲ್ಕು ರಸ್ತೆ ಕೂಡುವ ಕಡೆ ಎಲ್ಲರೂ ನಿಲ್ಲುತ್ತಾರೆ, ಮೊದಲು ಬಂದವರು ಮೊದಲು ಹೋಗುತ್ತಾರೆ. ನಮ್ಮ ಬನಶಂಕರಿಯಲ್ಲಿ ಯಾರ ಬಂಪರ್ ಮೊದಲು ನುಗ್ಗುತ್ತದೋ ಅವರದೇ ದಾರಿ ಅಂತ ನಾನು ಹೇಳಿದೆ. ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿ ಅಂದರು. ಗೇರ್ ಗಾಡಿಯ ವಿಷಯದಲ್ಲಿ ಮಾತ್ರ ನನ್ನದೇ ಮೇಲುಗೈ. ಆತ ಜೀವಮಾನವೆಲ್ಲ ಓಡಿಸಿದ್ದು ಆಟೊಮ್ಯಾಟಿಕ್. ಈ ಊರೋ ಬಟ್ಟಲಿನಂಥ ತಗ್ಗು, ಸುತ್ತ ಗುಡ್ಡ, ಎಲ್ಲಿ ನೋಡಿದರೂ ಏರು. ಏರಿನಲ್ಲಿ ಕ್ಲಚ್ ಬಿಟ್ಟಾಗಲೆಲ್ಲ ಗಾಡಿ ಹಿಂದಕ್ಕೆ.

ಕೊನೆಗೆ ಲೈಸೆನ್ಸ್ ಬಂತು, ಆದರೆ ಅವರು ಕಾರು ತಗೊಳ್ಳಲಿಲ್ಲ. ಡಾಯ್ಚ್‌ಲ್ಯಾಂಡ್ ಟಿಕೆಟ್ ಅಂತ ಒಂದಿದೆ. ಊರಿನ ಬಸ್ಸು, ಟ್ರಾಮು, ದೇಶದ ಯಾವ ಮೂಲೆಯ ಲೋಕಲ್ ರೈಲಾದರೂ ಸರಿ, ತಿಂಗಳಿಗೆ ಒಂದೇ ದರ. 2023ರ ಮೇನಲ್ಲಿ 49 ಯೂರೋಗೆ ಶುರುವಾಗಿ, 2025ರಲ್ಲಿ 58 ಆಗಿ, 2026ರ ಜನವರಿಯಿಂದ 63. ದರ ಏರಿದ್ದಕ್ಕೆ ಗೊಣಗುವುದು ಇಲ್ಲಿನವರ ಹಕ್ಕು. ಅದನ್ನು ಆತ ಬೇಗ ಕಲಿತ.

ಕಾರಿಲ್ಲದ್ದರಿಂದ ಆ ಗಂಡ ಹೆಂಡಿರ ನಡುವೆ ಏನಾಯಿತು ಅನ್ನುವುದು ನನಗೆ ನಿಜವಾಗಿ ಕುತೂಹಲದ ವಿಷಯ. ಊರಿನಲ್ಲಿ ಇಬ್ಬರಿಗೂ ಒಂದೊಂದು ಕಾರು. ಒಂದೇ ಪಾರ್ಟಿಗೆ ಹೋದರೂ ಕೆಲವೊಮ್ಮೆ ಎರಡು ಕಾರಿನಲ್ಲಿ. ವಾರಕ್ಕೊಮ್ಮೆ ದೊಡ್ಡ ಅಂಗಡಿಗೆ ಹೋಗಿ ಡಿಕ್ಕಿ ತುಂಬ ಸಾಮಾನು. ಇಲ್ಲಿ ಫ್ರಿಜ್ಜು ಸೊಂಟದೆತ್ತರ. ಎರಡು ದಿನಕ್ಕೊಮ್ಮೆ ಚೀಲ ಹಿಡಿದು ನಡೆಯಬೇಕು. ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತದೆ, ಶನಿವಾರವೇ ಹಾಲು ಬ್ರೆಡ್ಡಿನ ಲೆಕ್ಕ ಹಾಕಬೇಕು. ಈ ಊರಲ್ಲಿ ಗುಡ್ಡ ಹತ್ತಲು ನಾನೂರಕ್ಕೂ ಜಾಸ್ತಿ ಮೆಟ್ಟಿಲುದಾರಿಗಳಿವೆ. ಸುಸ್ತಾದರೆ ಮರೀಯೆನ್‌ಪ್ಲಾಟ್ಸ್‌ನಿಂದ ಡೇಗರ್ಲೋಖ್‌ಗೆ ಹತ್ತುವ ಹಲ್ಲುಹಳಿಯ ರೈಲು, 1884ರಿಂದ ಇರುವಂಥದ್ದು. ಆ ಮೆಟ್ಟಿಲುಗಳ ಮೇಲೆ ಇಬ್ಬರೂ ಚೀಲ ಹಂಚಿಕೊಂಡು ಹತ್ತುವುದನ್ನು ನೋಡುತ್ತಿರುತ್ತೇನೆ. ಮಾತು ಜಾಸ್ತಿ ಆಗಿದೆ ಅನ್ನುತ್ತಾನೆ ಆತ. ಜಗಳವೂ ಜಾಸ್ತಿ ಆಗಿದೆ ಅನ್ನುತ್ತಾಳೆ ಆಕೆ. ಮೊದಲು ಸಿಟ್ಟು ಬಂದರೆ ಕೀಲಿ ತಗೊಂಡು ಹೊರಟುಬಿಡಬಹುದಿತ್ತಂತೆ. ಇಲ್ಲಿ ಜಗಳ ಆದ ಮೇಲೂ ಒಂದೇ ಟ್ರಾಮಿನಲ್ಲಿ ಎದುರುಬದುರು ಕೂತು ಮನೆಗೆ ಬರಬೇಕು.

ಪರದೇಶಕ್ಕೆ ಬಂದ ಎಲ್ಲ ಜೋಡಿಗಳದೂ ಇದೇ ಕಥೆ ಅಲ್ವಾ? ಅಕ್ಕ, ಗೆಳತಿ, ಪಕ್ಕದ ಮನೆ ಆಂಟಿ, ಆಫೀಸಿನ ಹರಟೆ, ಎಲ್ಲರ ಪಾಲಿನ ಮಾತನ್ನೂ ಒಬ್ಬರೇ ಕೇಳಿಸಿಕೊಳ್ಳಬೇಕು. ಒಬ್ಬ ಮನುಷ್ಯನಿಗೆ ಅದು ಜಾಸ್ತಿ ಆಗುತ್ತದೆ. ಆದರೆ ನಮಗೆ ಒಂದು ಗುಂಪಾದರೂ ಇದೆ. ಗಣೇಶ ಬಂದರೆ, ರಾಜ್ಯೋತ್ಸವ ಬಂದರೆ ಯಾರೋ ಒಬ್ಬರು ಹಾಲ್ ಬುಕ್ ಮಾಡುತ್ತಾರೆ, ಚಿತ್ರಾನ್ನ ಯಾರು ತರಬೇಕು ಅಂತ ವಾಟ್ಸಾಪಿನಲ್ಲಿ ಚರ್ಚೆ ಆಗುತ್ತದೆ. ಇವರಿಗೆ ಅದೂ ಇಲ್ಲ. ವಿಚಿತ್ರ ಏನೆಂದರೆ, ಸ್ಟುಟ್‌ಗಾರ್ಟ್ ಸುತ್ತಮುತ್ತ ಅಮೆರಿಕನ್ನರಿಗೆ ಬರವಿಲ್ಲ. ಯುರೋಪಿನಲ್ಲಿರುವ ಅಮೆರಿಕದ ಸೇನೆಯ ಮುಖ್ಯ ಕಛೇರಿ 1967ರಲ್ಲಿ ಫ್ರಾನ್ಸ್ ಬಿಟ್ಟು ಇಲ್ಲಿನ ಫೈಹಿಂಗನ್‌ನ ಪ್ಯಾಚ್ ಬ್ಯಾರಕ್ಸ್‌ಗೆ ಬಂದಿದೆ. ಬೇಲಿಯ ಒಳಗೆ ಅಮೆರಿಕದ್ದೇ ಶಾಲೆ, ಅಮೆರಿಕದ್ದೇ ಅಂಗಡಿ, ವ್ಯಾಪಾರ ಡಾಲರಿನಲ್ಲಿ. ಆದರೆ ಸೇನೆಯ ಗುರುತಿನ ಚೀಟಿ ಇಲ್ಲದವರಿಗೆ ಆ ಅಂಗಡಿ ಇಲ್ಲ. ತಮ್ಮೂರಿನ ಪೀನಟ್ ಬಟರ್ ಟ್ರಾಮಿನಲ್ಲಿ ಹೋಗುವಷ್ಟು ಹತ್ತಿರದಲ್ಲೇ ಇದೆ, ಕೈಗೆ ಸಿಗುವುದಿಲ್ಲ. ಇಲ್ಲಿನವರು ಅಮೆರಿಕನ್ ಅಂದ ಕೂಡಲೇ ಸೈನ್ಯದವರಾ ಅಂತ ಕೇಳುತ್ತಾರೆ. ಅಲ್ಲ ಅಂದರೆ ಮುಂದೆ ಏನು ಕೇಳಬೇಕು ಅಂತ ಅವರಿಗೆ ತೋಚುವುದಿಲ್ಲ.

ಆತ ಊರಿನಲ್ಲಿ ಹೈಸ್ಕೂಲಿನ ಇತಿಹಾಸದ ಮೇಷ್ಟ್ರು. ಹಾಗಾಗಿ 1946ರ ಸೆಪ್ಟೆಂಬರ್ 6ರಂದು ಇದೇ ಊರಿನ ಒಪೆರಾ ಹೌಸಿನಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿ ಬರ್ನ್ಸ್ ಮಾಡಿದ ಭಾಷಣದ ಬಗ್ಗೆ ಗಂಟೆಗಟ್ಟಲೆ ಹೇಳಬಲ್ಲ. ಸೋತ ಜರ್ಮನಿ ಮತ್ತೆ ತನ್ನ ಕಾಲ ಮೇಲೆ ನಿಲ್ಲಲಿ ಅಂದ ಭಾಷಣ ಅದು. ಆ ಬರ್ನ್ಸ್ ಹೆಸರಿನ ಜರ್ಮನ್ ಅಮೆರಿಕನ್ ಕೇಂದ್ರಕ್ಕೆ ಆತ ಆಗಾಗ ಹೋಗಿ ಪುಸ್ತಕ ತರುತ್ತಾನೆ. ಹೇಳಲು ಇಷ್ಟೆಲ್ಲ ಇದೆ, ಕೇಳುವ ಕ್ಲಾಸು ಇಲ್ಲ. ಇಲ್ಲಿ ಮೇಷ್ಟ್ರಾಗಬೇಕಾದರೆ ಸಾಮಾನ್ಯವಾಗಿ ಎರಡು ವಿಷಯ ಓದಿರಬೇಕು, ಆಮೇಲೆ ತರಬೇತಿ, ಸರ್ಕಾರಿ ಪರೀಕ್ಷೆ. ಆ ವಯಸ್ಸಿಗೆ ಮತ್ತೆ ಯಾರು ಶುರು ಮಾಡುತ್ತಾರೆ? ಹೆಂಡತಿಯ ಆಫೀಸಿನ ಪಾರ್ಟಿಯಲ್ಲಿ ನಿಮ್ಮ ಕೆಲಸ ಏನು ಅಂತ ಕೇಳಿದರೆ ಆತನಿಗೆ ಮುಖ ಸಣ್ಣದಾಗುತ್ತದಂತೆ. ನಾನೂ ಬೆಂಗಳೂರಿನಲ್ಲಿ ಕೆಲಸ ಬಿಟ್ಟೇ ಬಂದವಳು. ನಮ್ಮವರ ಪಾರ್ಟಿಗಳಲ್ಲಿ ನನ್ನನ್ನು ಆ ಪ್ರಶ್ನೆ ಕೇಳುವವರೇ ಕಡಿಮೆ. ಕೇಳದೇ ಇರುವುದೂ ಚುಚ್ಚುತ್ತದೆ ಅಂತ ಒಮ್ಮೆ ಹೇಳಿದೆ. ಆತ ತುಂಬ ಹೊತ್ತು ಮಾತಾಡಲಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಅಮೆರಿಕದವರನ್ನು ಅವರ ದೇಶ ಬಿಡುವುದೇ ಇಲ್ಲ. ಅಮೆರಿಕದ ಪ್ರಜೆ ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ ಅಲ್ಲಿನ ತೆರಿಗೆ ಇಲಾಖೆಗೆ ಲೆಕ್ಕ ಒಪ್ಪಿಸಬೇಕು. ಹೀಗೆ ಹಟ ಹಿಡಿದ ಇನ್ನೊಂದು ದೇಶ ಎರಿಟ್ರಿಯಾ. ಇಲ್ಲಿ ಒಂದು ಲೆಕ್ಕ, ಅಲ್ಲಿಗೆ ಇನ್ನೊಂದು. ಊರಿನಲ್ಲಿರುವವರಿಗೆ ಏಪ್ರಿಲ್ 15 ಕೊನೇ ದಿನ, ಹೊರಗಿರುವವರಿಗೆ ಜೂನ್ 15ರವರೆಗೆ ಸಮಯ. ಇಲ್ಲಿ ಕಟ್ಟಿದ ತೆರಿಗೆ ತೋರಿಸಿದರೆ ಅಲ್ಲಿ ಬಹಳ ಸಲ ಏನೂ ಕಟ್ಟಬೇಕಾಗಿಲ್ಲ. ಆದರೂ ಫಾರಂ ತುಂಬಲೇಬೇಕು. ಹೊರದೇಶದ ಖಾತೆಗಳಲ್ಲಿ ಎಲ್ಲ ಸೇರಿ 10,000 ಡಾಲರ್ ದಾಟಿದರೆ ಅದಕ್ಕೆ ಬೇರೆ ಫಾರಂ. ಇದರ ಮೇಲೆ 2010ರ ಒಂದು ಕಾನೂನು, ಅಮೆರಿಕದ ಗಿರಾಕಿಗಳ ಖಾತೆ ವಿವರ ಕೊಡಿ ಅಂತ ಬೇರೆ ದೇಶದ ಬ್ಯಾಂಕುಗಳಿಗೂ ಹೇಳುತ್ತದೆ. ಈ ತಲೆನೋವು ಬೇಡ ಅಂತ ಕೆಲವು ಬ್ಯಾಂಕುಗಳು ಅಮೆರಿಕನ್ನರನ್ನು ದೂರ ಇಡುತ್ತವೆ. ಆತನಿಗೂ ಒಂದು ಕಡೆ ಹುಟ್ಟಿದ ಊರು ನೋಡಿ ಫಾರಂ ವಾಪಸ್ ಕೊಟ್ಟರು. ಅದೇ ವಾರ ಅದೇ ಕೌಂಟರಿನಲ್ಲಿ ನನಗೆ ಖಾತೆ ಸಿಕ್ಕಿತು. ಅತ್ತೆಗೆ ಇದನ್ನು ಹೇಳಿದಾಗ ಅವರಿಗಾದ ಖುಷಿ ಅಷ್ಟಿಷ್ಟಲ್ಲ.

ನಮ್ಮ ದೇಶ ಹಾಗಲ್ಲ. ಹೊರಗೆ ದುಡಿದದ್ದಕ್ಕೆ ಕೈ ಚಾಚುವುದಿಲ್ಲ. ಹಾಗೇ ಕೈ ಬಿಡುವುದೂ ಬೇಗ. ಆಕೆ ಜರ್ಮನಿಯಲ್ಲಿ ಕೂತೇ ಕ್ಯಾಲಿಫೋರ್ನಿಯಾದ ಚುನಾವಣೆಯಲ್ಲಿ ಮತ ಹಾಕುತ್ತಾಳೆ. ನಮ್ಮ ಹೆಸರು ಪಟ್ಟಿಯಲ್ಲಿ ಇರಬಹುದು, ಆದರೆ ಮತ ಹಾಕಲು ಮತಗಟ್ಟೆಗೇ ಹೋಗಿ ನಿಲ್ಲಬೇಕು. ಇಲ್ಲಿನ ಪೌರತ್ವದ್ದೂ ಹಾಗೇ. 2024ರ ಜೂನ್ 27ರಿಂದ ಜರ್ಮನಿ ಹಳೇ ಪೌರತ್ವ ಬಿಡಿ ಅನ್ನುವುದಿಲ್ಲ. ಅಮೆರಿಕವೂ ತಕರಾರು ಮಾಡುವುದಿಲ್ಲ. ಅವರು ಎರಡು ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದು. ನಾವು ಇಲ್ಲಿಯದು ತಗೊಂಡ ದಿನವೇ ಭಾರತದ್ದು ಹೋಗುತ್ತದೆ. ಯಾವುದು ವಾಸಿ ಅಂತ ಕೇಳಿದರೆ, ತೆರಿಗೆ ಫಾರಂ ತುಂಬುವ ರಾತ್ರಿ ಆತ ನಮ್ಮದೇ ವಾಸಿ ಅನ್ನುತ್ತಾನೆ. ನನಗೆ ಅವರದು.

ಇನ್ನು ಜರ್ಮನ್ ಕ್ಲಾಸು. ಹೊಸದಾಗಿ ಬಂದವರಿಗೆ ಇಲ್ಲಿ ಸರ್ಕಾರದ ಒಂದು ಕೋರ್ಸ್ ಇದೆ. 600 ಪಾಠ ಭಾಷೆಗೆ, 100 ಪಾಠ ದೇಶದ ಕಾನೂನು, ಚರಿತ್ರೆಗೆ. ನಾನೂ ಆತನೂ ಒಟ್ಟಿಗೆ ಸೇರಿದೆವು. ಕ್ಲಾಸಿನಲ್ಲಿ ಉಕ್ರೇನಿನವರು, ಸಿರಿಯಾದವರು, ಬ್ರೆಜಿಲಿನ ಒಬ್ಬಳು ದಾದಿ. ಇಡೀ ಬೆಳಗ್ಗೆ ಹೀಟರ್ ಕೆಟ್ಟಿದೆ ಅಂತ ಮನೆಮಾಲೀಕರಿಗೆ ಮರ್ಯಾದೆಯಿಂದ ಪತ್ರ ಬರೆಯುವುದನ್ನು ಕಲಿಯುತ್ತಿದ್ದೆವು. ಮನೆ ಕಳಕೊಂಡು ಬಂದವರ ಪಕ್ಕ ಕೂತು ಆತ ತನ್ನ ಕಷ್ಟ ಹೇಳಿಕೊಳ್ಳುವುದನ್ನು ತಾನಾಗಿಯೇ ನಿಲ್ಲಿಸಿದ.

ಆ ಕೋರ್ಸ್ ಮುಗಿಯುವಷ್ಟರಲ್ಲಿ ಎರಡೂ ಮನೆಗಳ ತಕ್ಕಡಿ ವಾಲಿತ್ತು. ಆಕೆಯ ಆಫೀಸು ಪೂರಾ ಇಂಗ್ಲಿಷಿನಲ್ಲಿ. ನಮ್ಮ ಮನೆಯವರದೂ ಅಷ್ಟೇ. ಕೆಲಸ ಸಿಕ್ಕಿ ಬಂದವರು ಊರಿನೊಳಗೆ ಇದ್ದೂ ಊರಿಗೆ ಬಂದೇ ಇರಲಿಲ್ಲ. ಯಾವ ವಾರ ಪ್ಲಾಸ್ಟಿಕ್ಕಿನ ಹಳದಿ ಕಸ, ಯಾವ ವಾರ ಕಾಗದ, ಅವರಿಗೆ ಗೊತ್ತಿಲ್ಲ. ಈ ಊರಿರುವ ಸ್ವಾಬಿಯಾ ಸೀಮೆಯಲ್ಲಿ ಮೆಟ್ಟಿಲು ಗುಡಿಸುವುದಕ್ಕೂ ಪಾಳಿ ಇದೆ. ಕೇರ್‌ವೋಖೆ ಅಂತ ಬರೆದ ಹಲಗೆ ಯಾರ ಬಾಗಿಲಿಗೆ ತೂಗುತ್ತದೋ ಆ ವಾರ ಅವರ ಸರದಿ. ಹಲಗೆ ನೋಡುವುದು ನಾವು, ಗುಡಿಸುವುದೂ ನಾವು. ಬೇಕರಿಯ ಹೆಂಗಸಿನ ಮೊಣಕಾಲು ನೋವು, ಕೆಳಮನೆ ಅಜ್ಜಿಯ ಮೊಮ್ಮಗನ ಮದುವೆ, ಎಲ್ಲ ನಮಗೇ ಗೊತ್ತು. ಬೆಂಗಳೂರಿನಲ್ಲಿ ಗ್ಯಾಸು, ಕರೆಂಟ್ ಬಿಲ್ಲು, ಖಾತೆ ಕಂದಾಯ ಅಂತ ಹೊರಗಿನ ವ್ಯವಹಾರವೆಲ್ಲ ನೋಡುತ್ತಿದ್ದ ನಮ್ಮ ಮನೆಯವರು ಇಲ್ಲಿ ಕಾಗದ ಬಂದರೆ ನನ್ನ ಮುಂದೆ ಹಿಡಿಯುತ್ತಾರೆ. ನೆಂಟರು ಬಂದರೆ ‘ಇವಳು ಜರ್ಮನ್ ಮಾತಾಡ್ತಾಳೆ’ ಅಂತ ಹೆಮ್ಮೆ ಬೇರೆ, ಅರ್ಧ ತಾವೇ ಕಲಿತ ಹಾಗೆ.

ಕೆಳಗಿನ ಮನೆಯಲ್ಲಿ ಅದು ಅಷ್ಟು ಹಗುರಾಗಿ ಹೋಗಲಿಲ್ಲ. ಆಕೆಗೆ ಹಲ್ಲುನೋವು ಬಂತು. ಆತ ಮಾತಾಡಲು ಜೊತೆಗೆ ಹೋದ. ಕುರ್ಚಿಯಲ್ಲಿ ಬಾಯಿ ತೆರೆದು ಕೂತದ್ದು ಆಕೆ, ಡಾಕ್ಟರು ಎಲ್ಲ ಕೇಳಿದ್ದು ಆತನನ್ನು. ಅವರಿಗೆ ನೋವು ಎಲ್ಲಿದೆ, ಅವರಿಗೆ ಬಿಪಿ ಇದೆಯಾ. ಆಫೀಸಿನಲ್ಲಿ ದೊಡ್ಡದೊಂದು ತಂಡವನ್ನೇ ನಡೆಸುವ ಹೆಂಗಸು ಮೆಟ್ಟಿಲು ಹತ್ತಿ ಸೀದಾ ನಮ್ಮ ಮನೆಗೆ ಬಂದಳು. ಅರ್ಧ ಮರಗಟ್ಟಿದ ಬಾಯಲ್ಲೇ, ‘ನನ್ನ ಹಲ್ಲಿನ ಬಗ್ಗೆ ನನ್ನನ್ನು ಬಿಟ್ಟು ಎಲ್ಲರೂ ಮಾತಾಡಿದರು’ ಅಂದಳು. ನಾನು ಬಿಸಿನೀರು ಕೊಟ್ಟೆ. ನಮ್ಮ ಹೆಂಗಸರು ಎಷ್ಟೋ ಜನ ಹೀಗೇ ಇರುತ್ತಾರೆ ಅಂತ ಬಾಯಿಗೆ ಬಂತು, ಆ ಹೊತ್ತಿಗೆ ಬೇಡ ಅನ್ನಿಸಿತು.

ಆತನ ಕಡೆಯದೂ ಹೇಳಬೇಕು. ಸಂಬಳ ಇಲ್ಲದ, ಹೆಸರಿನ ಮುಂದೆ ಕೆಲಸ ಇಲ್ಲದ ಮನುಷ್ಯನಿಗೆ ಈ ಭಾಷೆಯೇ ಸಿಕ್ಕ ಒಂದು ಆಸ್ತಿ. ಆಕೆಗೆ ಬೇಕಿಲ್ಲದ ಕಡೆಯೂ ಮುಂದೆ ಬಿದ್ದು ಮಾತಾಡುತ್ತಾನೆ. ಹೋಟೆಲಿನಲ್ಲಿ ಆಕೆ ಕಷ್ಟಪಟ್ಟು ಒಂದು ವಾಕ್ಯ ಜೋಡಿಸುವಷ್ಟರಲ್ಲಿ ಆತ ಮುಗಿಸಿಬಿಡುತ್ತಾನೆ. ನಾನೂ ಹಾಗೆ ಮಾಡುತ್ತೇನೆ, ಗೊತ್ತು. ಅಷ್ಟು ದಿನದ ಮೇಲೆ ಕೈಗೆ ಬಂದ ಅಧಿಕಾರ, ಸುಲಭಕ್ಕೆ ಬಿಡಲು ಮನಸ್ಸು ಬರುವುದಿಲ್ಲ.

ನವೆಂಬರಿನ ನಾಲ್ಕನೇ ಗುರುವಾರ ಅವರ ಥ್ಯಾಂಕ್ಸ್‌ಗಿವಿಂಗ್. ಇಲ್ಲಿ ಅಂದು ರಜೆ ಇಲ್ಲದ್ದರಿಂದ ಶನಿವಾರ ಊಟ. ಇಡೀ ಟರ್ಕಿ ಕೋಳಿಯನ್ನು ಮಾಂಸದಂಗಡಿಗೆ ಮೊದಲೇ ಹೇಳಿಟ್ಟು ತರಿಸಬೇಕು. ಬಂದ ಹಕ್ಕಿ ಇಲ್ಲಿನ ಚಿಕ್ಕ ಅವನ್ನಿನಲ್ಲಿ ಹಿಡಿಸಲಿಲ್ಲ, ಕಾಲು ಬೇರೆ ಮಾಡಿ ಬೇಯಿಸಿದರು. ಡಬ್ಬಿ ಕುಂಬಳ ಸಿಗದೆ ಹೊಕೈಡೊ ಕುಂಬಳ ಬೇಯಿಸಿ ಪೈ ಮಾಡಿದರು. ಉಳಿದರ್ಧ ಕುಂಬಳದ ಗೊಜ್ಜು ನನ್ನದು. ಊಟದ ಮಧ್ಯೆ ಆಕೆಯ ಅಮ್ಮನ ಫೋನ್ ಬಂತು. ಆಕೆಯ ಅಮ್ಮ ಸ್ಯಾಕ್ರಮೆಂಟೊದಲ್ಲಿ ಒಬ್ಬರೇ ಇದ್ದಾರೆ. ಇಲ್ಲಿ ಸಂಜೆ ಆರಾದರೆ ಅಲ್ಲಿ ಬೆಳಗ್ಗೆ ಒಂಬತ್ತು. ಮಾರ್ಚಿನಲ್ಲಿ ಅಮೆರಿಕದ ಗಡಿಯಾರ ಇಲ್ಲಿಗಿಂತ ಮೊದಲೇ ಮುಂದಕ್ಕೆ ಹೋಗುತ್ತದೆ, ಆ ಕೆಲವು ವಾರ ವ್ಯತ್ಯಾಸ ಎಂಟೇ ಗಂಟೆ. ಆಗ ಅಮ್ಮನ ಫೋನ್ ತಡವಾಯಿತು, ಬೇಗ ಬಂತು ಅಂತ ಗಾಬರಿ ಆಗುತ್ತಿರುತ್ತದೆ. ಆ ರಾತ್ರಿ ಆಕೆ ನೇರವಾಗಿ ಹೇಳಿದಳು. ಈ ಕಾಂಟ್ರಾಕ್ಟ್ ಮುಗಿದರೆ ಊರಿಗೆ ಹೋಗೋಣ ಅಂತ. ಆತ ಪೌರತ್ವಕ್ಕೆ ಇನ್ನೆಷ್ಟು ವರ್ಷ ಬೇಕು ಅಂತ ಲೆಕ್ಕ ಹಾಕುತ್ತಿದ್ದ. ಕೆಲಸಕ್ಕೆ ಬಂದವಳಿಗೆ ವಾಪಸ್ ಹೋಗಬೇಕು, ಜೊತೆಗೆ ಬಂದವನಿಗೆ ಇಲ್ಲೇ ಇರಬೇಕು. ನಾನೂ ನಮ್ಮ ಮನೆಯವರೂ ಮುಖ ಮುಖ ನೋಡಿಕೊಂಡೆವು. ನಮ್ಮಲ್ಲೂ ಅದೇ ಮಾತು ಯಾವತ್ತೋ ಬರಬೇಕಾದದ್ದು.

ಅದು ಇನ್ನೂ ತೀರ್ಮಾನ ಆಗಿಲ್ಲ. ಕಾಂಟ್ರಾಕ್ಟ್ ಸದ್ಯಕ್ಕೆ ಮುಂದುವರಿದಿದೆ. ಆಕೆ ರೋಟೆಬ್ಯೂಲ್‌ಪ್ಲಾಟ್ಸ್‌ನಲ್ಲಿರುವ ಫೋಕ್ಸ್‌ಹೋಖ್‌ಶೂಲೆ ಅನ್ನುವ ದೊಡ್ಡವರ ಶಾಲೆಯಲ್ಲಿ ಸಂಜೆಯ ಜರ್ಮನ್ ಕ್ಲಾಸಿಗೆ ಸೇರಿದ್ದಾಳೆ. ಹೋಮ್‌ವರ್ಕಿಗೆ ಗಂಡ ಕೈ ಹಾಕುವ ಹಾಗಿಲ್ಲ ಅಂತ ಮೊದಲ ದಿನವೇ ಹೇಳಿಬಿಟ್ಟಳಂತೆ. ಅನುಮಾನ ಬಂದರೆ ಪುಸ್ತಕ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾಳೆ. ಅದೇ ಕ್ಲಾಸಿಗೆ ನಮ್ಮ ಮನೆಯವರನ್ನೂ ಸೇರಿಸಬೇಕು ಅಂತ ನೋಡುತ್ತಿದ್ದೇನೆ. ಅವರಿಗೆ ಆ ಎರಡು ಸಂಜೆಗಳಲ್ಲೇ ಬೆಂಗಳೂರಿನ ಜೊತೆ ಮೀಟಿಂಗ್ ಇರುತ್ತದಂತೆ. ಅಲ್ಲಿ ಆಗ ರಾತ್ರಿ ಹತ್ತೂವರೆ. ಯಾರ ಜೊತೆ ಮೀಟಿಂಗೋ.